ಹಕೀಮ ನಂಜುಂಡನಿಗೆ ಒಂದು ಅರಿಕೆ

ನಂಜುಂಡಸ್ವಾಮಿ, ಇವತ್ತು ಕಡೇ ಕಾರ್ತಿಕ ಸೋಮವಾರ. ಕಪಿಲೆಯಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲಿ ನಿನ್ನ ಪೌಳಿ ಸುತ್ತಿ ಹೇಳಬೇಕಾದ ಮಾತನ್ನು ಇಲ್ಲಿ, ಒಂಟಾರಿಯೊದ ಕಿಚನರ್ ಎಂಬ ಊರಿನಲ್ಲಿ, ಎರಡು ಜೊತೆ ಕಾಲುಚೀಲ ಹಾಕಿಕೊಂಡು ಹೇಳುತ್ತಿದ್ದೇನೆ. ನಿನ್ನ ಅಂಗೈಯಗಲದ ಪಟ ಅಡುಗೆಮನೆಯ ಕಪಾಟಿನಲ್ಲಿ, ಸಾರಿನಪುಡಿ ಡಬ್ಬಿಯ ಮೇಲಿನ ಖಾನೆಯಲ್ಲಿದೆ. ಊದುಬತ್ತಿ ಹಚ್ಚಿಲ್ಲ. ಹಚ್ಚಿದರೆ ಸೂರಿನಲ್ಲಿರುವ ಹೊಗೆ ಗಂಟೆ ಕಿರುಚಿಕೊಂಡು ಮಹಡಿಯ ಮೇಲಿನವರನ್ನೆಲ್ಲ ಎಬ್ಬಿಸುತ್ತದೆ. ದೀಪ ಒಂದಿದೆ, ಅಷ್ಟೇ.

ನನಗಾಗಿ ಏನೂ ಕೇಳುವುದಿಲ್ಲ. ನನ್ನ ಪಾಲಿನದನ್ನೆಲ್ಲ ಅಮ್ಮ ಆಗಲೇ ಕೇಳಿ ಮುಗಿಸಿದ್ದಾಳೆ. ನನಗೆ ವೀಸಾ ಆಗಲೆಂದು ಅವಳು ಉರುಳುಸೇವೆಯ ಹರಕೆ ಹೊತ್ತಿದ್ದಳು. ಆದ ಮೇಲೆ, ಅರವತ್ತು ದಾಟಿದ ಹೆಂಗಸು, ಮಂಡಿಗೆ ಪಟ್ಟಿ ಕಟ್ಟಿಕೊಂಡು ನಿನ್ನ ಕಲ್ಲುಚಪ್ಪಡಿಯ ಮೇಲೆ ಉರುಳಿದಳು. ನಾನು ಪಕ್ಕದಲ್ಲಿ ಬಾಗಿ ನಡೆಯುತ್ತ ಅವಳ ಸೆರಗು ಸರಿಮಾಡುತ್ತಿದ್ದೆ. ಮಗ ಕಣ್ಣಿಗೆ ಕಾಣದಷ್ಟು ದೂರ ಹೋಗಲಪ್ಪಾ ಎಂದು ದೇವರಿಗೆ ಹರಕೆ ಹೊರುವ ತಾಯಂದಿರು ಹಿಂದೆ ಇದ್ದರೋ ಇಲ್ಲವೋ, ಈಗ ಮೈಸೂರಿನಲ್ಲಿ ಬೀದಿಗೆ ನಾಲ್ವರು ಸಿಗುತ್ತಾರೆ. ನೀನೂ ಇಲ್ಲವೆನ್ನದೆ ನಡೆಸಿಕೊಡುತ್ತೀಯ.

ನನ್ನ ಅರಿಕೆ ಬೇರೊಬ್ಬನದು. ಅವನು ನಿನ್ನ ಒಕ್ಕಲಲ್ಲ. ನಿನ್ನ ಹೆಸರನ್ನು ಒಮ್ಮೆಯೂ ಕೇಳಿರಲಾರ. ಆದರೆ ನೀನು ಹಾಗೆಲ್ಲ ಲೆಕ್ಕ ಇಡುವವನಲ್ಲ. ಪಟ್ಟದಾನೆಗೆ ಕಣ್ಣು ಬಂತೆಂದು ಟಿಪ್ಪು ಸುಲ್ತಾನ ನಿನ್ನನ್ನು ಹಕೀಮ್ ಎಂದು ಕರೆದಾಗ ಆ ಹೆಸರನ್ನೂ ಇಟ್ಟುಕೊಂಡೆ, ಅವನು ಕೊಟ್ಟ ಪಚ್ಚೆಯ ಲಿಂಗವನ್ನೂ ಇಟ್ಟುಕೊಂಡೆ. ವೈದ್ಯನಾದವನು ರೋಗಿಯ ಊರು ಕೇಳಬಹುದು, ಜಾತಿ ಕೇಳಬಾರದು. ಊರು ಹೇಳುತ್ತೇನೆ: ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮಾಹಿಲ್‌ಪುರ. ಹೆಸರು ಬುಕ್ಕಂ ಸಿಂಗ್. ರೋಗ, ಕ್ಷಯ. ತೀರಿಕೊಂಡದ್ದು 1919ರ ಆಗಸ್ಟ್ 27ರಂದು, ಇದೇ ಊರಿನಲ್ಲಿ. ತಡವಾಗಿ ತಂದಿದ್ದೇನೆ, ನೂರು ವರ್ಷಕ್ಕೂ ಹೆಚ್ಚು ತಡ.

ತಡವಾದದ್ದರಲ್ಲಿ ನನ್ನ ತಪ್ಪೂ ಇದೆ. ಅವನು ಮಲಗಿರುವ ಮೌಂಟ್ ಹೋಪ್ ಸ್ಮಶಾನ ನನ್ನ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಕರಿಬೇವು ತರಲು ಹೋಗುವಾಗೆಲ್ಲ ಆ ಕಡೆಯಿಂದಲೇ ಹೋಗುತ್ತಿದ್ದೆ, ಆರು ವರ್ಷ. ನವೆಂಬರ್ ಬಂದರೆ ಇಲ್ಲಿ ಎಲ್ಲರೂ ಎದೆಯ ಮೇಲೆ ಕೆಂಪು ಗಸಗಸೆ ಹೂವಿನ ಬಿಲ್ಲೆ ಸಿಕ್ಕಿಸಿಕೊಳ್ಳುತ್ತಾರೆ, ಯುದ್ಧದಲ್ಲಿ ಸತ್ತವರ ನೆನಪಿಗೆ. ನಾನೂ ಆಫೀಸಿನ ಬಾಗಿಲಲ್ಲಿ ಡಬ್ಬಿಗೆ ಚಿಲ್ಲರೆ ಹಾಕಿ ಒಂದು ತೆಗೆದುಕೊಳ್ಳುತ್ತಿದ್ದೆ. ಅದರ ಗುಂಡುಸೂಜಿಗೆ ಕೊಕ್ಕೆ ಇರುವುದಿಲ್ಲ. ಸಂಜೆಯೊಳಗೆ ಎಲ್ಲೋ ಬಿದ್ದುಹೋಗುತ್ತದೆ, ಇಲ್ಲವೇ ಸೀಟ್ ಬೆಲ್ಟ್ ಎಳೆಯುವಾಗ ಎದೆಗೆ ಚುಚ್ಚುತ್ತದೆ. ನನ್ನ ಪಾಲಿಗೆ ಮೊದಲ ಮಹಾಯುದ್ಧ ಅಷ್ಟೇ ಆಗಿತ್ತು. ಹೋದ ವರ್ಷ ನಮ್ಮ ಕಟ್ಟಡದ ಕೆಳಮನೆಯವರು, ಲಾರಿ ಓಡಿಸುವ ಸರ್ದಾರ್ಜಿ, ಲಿಫ್ಟಿನಲ್ಲಿ ಸಿಕ್ಕವರು ನನ್ನ ಎದೆಯ ಮೇಲಿನ ಹೂವು ನೋಡಿ, 'ಭಾನುವಾರ ನಮ್ಮ ಜೊತೆ ಬಾ ತಮ್ಮ, ಗೋರಿಗೆ ಹೋಗುತ್ತಿದ್ದೇವೆ' ಎಂದರು. ಯಾರ ಗೋರಿ ಎಂದೆ. 'ನಮ್ಮವನೇ' ಎಂದರು.

ಆ 'ನಮ್ಮವನು' ಎಂಬ ಮಾತಿಗೆ ನಾನು ಆವತ್ತು ಹೂಂ ಎಂದದ್ದು ದಾಕ್ಷಿಣ್ಯಕ್ಕೆ. ಈಗ ಹಾಗಲ್ಲ. ಸಿಖ್ಖರ ಖಾಲ್ಸಾ ಪಂಥ ಹುಟ್ಟಿದಾಗ ಗುರುವಿನ ಕರೆಗೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬ, ಸಾಹಿಬ್ ಸಿಂಗ್, ನಮ್ಮ ಬೀದರಿನವನು. ಸರ್ದಾರ್ಜಿಗೆ ಅದು ಗೊತ್ತಿತ್ತು, ಬೀದರಿನ ಗುರುದ್ವಾರದ ಝೀರಾ ಚಿಲುಮೆಯ ನೀರಿನ ರುಚಿಯೂ ಗೊತ್ತಿತ್ತು. ಕನ್ನಡ ಹುಟ್ಟುಮಾತಾದ ನನಗೆ ಅವರು ಹೇಳಿದ ಮೇಲೆ ನೆನಪಾಯಿತು.

ಸ್ವಾಮಿ, ಆ ಹುಡುಗನ ಬಾಳು ಹೇಳುತ್ತೇನೆ. ಚಿಕ್ಕದು.

ಹುಟ್ಟಿದ್ದು 1893ರಲ್ಲಿ. ಹತ್ತು ತುಂಬುವ ಹೊತ್ತಿಗೆ ಮದುವೆ. ಹುಡುಗಿ ಜಲಂಧರ ಜಿಲ್ಲೆಯ ಜಮ್ಶೇರ್ ಎಂಬ ಊರಿನವಳು, ಪ್ರೀತಂ ಕೌರ್. ನಮ್ಮ ಅಜ್ಜ ಅಜ್ಜಿಯರ ಕಾಲದ ಮದುವೆಗಳ ಹಾಗೆ, ಹಸೆಮಣೆಯ ಮೇಲೆ ನಿದ್ದೆ ತೂಗುವ ವಯಸ್ಸು. 1907ರಲ್ಲಿ, ಹದಿನಾಲ್ಕರ ಆಸುಪಾಸಿನಲ್ಲಿ, ಅವನು ಹಡಗು ಹತ್ತಿ ಕೆನಡಾದ ಪಶ್ಚಿಮದ ತುದಿ ಬ್ರಿಟಿಷ್ ಕೊಲಂಬಿಯಾಕ್ಕೆ ಬಂದ. ಆ ನಾಲ್ಕೈದು ವರ್ಷಗಳಲ್ಲಿ 5,000ಕ್ಕೂ ಹೆಚ್ಚು ಮಂದಿ ಹಾಗೆ ಬಂದರು, ಬಹುಪಾಲು ಪಂಜಾಬಿನ ರೈತರ ಮಕ್ಕಳು. ಮರ ಕೊಯ್ಯುವ ಮಿಲ್ಲು, ರೈಲು ಹಳಿ, ಗಣಿ. ಅವನು ಇಳಿದ ವರ್ಷವೇ ಆ ಪ್ರಾಂತ್ಯದ ಸರಕಾರ ಇಂಡಿಯಾದವರ ಓಟು ಕಿತ್ತುಕೊಂಡಿತು. ಆ ವರ್ಷವೇ ಸೆಪ್ಟೆಂಬರಿನಲ್ಲಿ ವ್ಯಾಂಕೂವರಿನ ಬೀದಿಗಳಲ್ಲಿ ಏಷ್ಯಾದವರು ತೊಲಗಲಿ ಎಂದು ಗುಂಪು ಸೇರಿ ಚೀನೀಯರ, ಜಪಾನಿಯರ ಅಂಗಡಿಗಳ ಗಾಜು ಒಡೆದರು. ಹದಿನಾಲ್ಕರ ಹುಡುಗ ಇದನ್ನೆಲ್ಲ ನೋಡುತ್ತ ಮೀಸೆ ಮೂಡಿಸಿಕೊಂಡಿರಬೇಕು.

ಮರುವರ್ಷ, 1908ರ ಜನವರಿಯಲ್ಲಿ, ಬಾಗಿಲು ಬಿತ್ತು. ಬಿದ್ದ ರೀತಿ ನೋಡು ಸ್ವಾಮಿ, ಎಷ್ಟು ನಾಜೂಕು. ಇಂಡಿಯಾದವರು ಬರಬೇಡಿ ಎಂದು ಎಲ್ಲೂ ಬರೆಯಲಿಲ್ಲ. ಹೇಳಿಕೇಳಿ ಒಂದೇ ಚಕ್ರವರ್ತಿಯ ಪ್ರಜೆಗಳು. ಹುಟ್ಟಿದ ದೇಶದಿಂದ ಎಲ್ಲೂ ಪಯಣ ಮುರಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂದು ಬರೆದರು. ಇಂಡಿಯಾದಿಂದ ನೇರ ಬರುವ ಹಡಗಿನ ಟಿಕೆಟ್ಟು ಸಿಗದ ಹಾಗೆ ನೋಡಿಕೊಂಡರು. ಅದರ ಮೇಲೆ, ಬರುವವರು ಕೈಯಲ್ಲಿ 200 ಡಾಲರ್ ತೋರಿಸಬೇಕು. ಬುಕ್ಕಂ ಸಿಂಗ್ ಮುಂದೆ ಸಿಪಾಯಿಯಾದಾಗ ಅವನ ದರ್ಜೆಯವರಿಗೆ ಭತ್ಯೆ ಸೇರಿ ದಿನಕ್ಕೆ ಸಿಗುತ್ತಿದ್ದುದು 1 ಡಾಲರ್ 10 ಸೆಂಟ್. ಲೆಕ್ಕ ಹಾಕಿದರೆ, ಹೆಂಡತಿ ಇಳಿಯುವ ದಿನ ತೋರಿಸಬೇಕಾದ ಹಣ ಆರು ತಿಂಗಳ ಪೂರಾ ಸಂಬಳ. ಕೂಡಿಟ್ಟ ಎಂದೇ ಇಟ್ಟುಕೋ, ಹಡಗು ಎಲ್ಲಿಂದ ತರುತ್ತಾನೆ?

ನನ್ನ ಹೆಂಡತಿಯ ಕಾಗದ ಆಗಲು ಹನ್ನೊಂದು ತಿಂಗಳು ಹಿಡಿಯಿತು. ಆ ಹನ್ನೊಂದು ತಿಂಗಳು ನಾನು ದಿನಕ್ಕೆ ಎರಡು ಸಲ ವೀಡಿಯೋದಲ್ಲಿ ಅವಳ ಮುಖ ನೋಡುತ್ತ, ಸಿಕ್ಕ ಸಿಕ್ಕ ಗೆಳೆಯರ ಮುಂದೆ ಈ ದೇಶಕ್ಕೆ ಶಾಪ ಹಾಕಿದೆ. ನಿನ್ನ ಮುಂದೆಯೂ ಹಾಕಿದೆ, ನೆನಪಿರಬಹುದು. ಪ್ರೀತಂ ಕೌರ್ ಎಂಬ ಹೆಸರು ಗೊತ್ತಾದ ದಿನ ಆ ಮಾತುಗಳು ನೆನಪಾಗಿ ಒಬ್ಬನೇ ಇದ್ದಾಗಲೂ ನಾಚಿಕೆಯಾಯಿತು.

1914ರ ಬೇಸಗೆಯಲ್ಲಿ ಕೊಮಗಾಟಾ ಮಾರು ಎಂಬ ಹಡಗು 376 ಮಂದಿಯನ್ನು ಹೊತ್ತು ವ್ಯಾಂಕೂವರಿನ ದಂಡೆಗೆ ಬಂತು. ಎರಡು ತಿಂಗಳು ನೀರಿನ ಮೇಲೆ ನಿಲ್ಲಿಸಿದರು. ಆಗಲೇ ಇಲ್ಲಿ ನೆಲೆಸಿದ್ದು ಊರಿಗೆ ಹೋಗಿ ಮರಳಿದ್ದ ಇಪ್ಪತ್ತು ಚಿಲ್ಲರೆ ಮಂದಿಯನ್ನು ಬಿಟ್ಟರೆ ಉಳಿದವರು ಇಳಿಯಲಿಲ್ಲ. ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಿಂದಕ್ಕೆ ಅಟ್ಟಿದರು. ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಹತ್ತಿರ ಬಜ್‌ಬಜ್‌ನಲ್ಲಿ ಇಳಿದಾಗ ಪೊಲೀಸರ ಗುಂಡು. ಹಡಗು ಅಟ್ಟಿದ ಹನ್ನೆರಡನೆಯ ದಿನಕ್ಕೆ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಕೆನಡಾ ಆಳು ಬೇಕು ಎಂದಿತು.

ಬುಕ್ಕಂ ಸಿಂಗ್ ಆ ಹೊತ್ತಿಗೆ ಪಶ್ಚಿಮ ಬಿಟ್ಟು ಒಂಟಾರಿಯೊಗೆ ಬಂದಿದ್ದ. ಟೊರಾಂಟೊ ಸುತ್ತಿನ ಹೊಲಮನೆಯೊಂದರಲ್ಲಿ ಆಳು. 1915ರ ವಸಂತದಲ್ಲಿ ಹೋಗಿ ಸೈನ್ಯಕ್ಕೆ ಹೆಸರು ಕೊಟ್ಟ. ಇಂಡಿಯಾದ ಸೈನ್ಯಕ್ಕಲ್ಲ. ಅತ್ತ ಹೋಗಿದ್ದರೆ ತನ್ನ ಮಾತು, ತನ್ನ ರೊಟ್ಟಿ, ತನ್ನ ಊರಿನವರು ಇರುತ್ತಿದ್ದರು. ಆ ಯುದ್ಧದಲ್ಲಿ ಹತ್ತು ಲಕ್ಷ ಮೀರಿದ ಇಂಡಿಯಾದವರಿದ್ದರು. ಇವನು ಸೇರಿದ್ದು ಕೆನಡಾದ ಪಡೆಗೆ. ಆರು ಲಕ್ಷಕ್ಕೂ ಮೇಲ್ಪಟ್ಟ ಆ ಪಡೆಯಲ್ಲಿ ಸಿಖ್ಖರು ಹತ್ತರ ಆಸುಪಾಸು.

ಯಾಕೆ ಸೇರಿದ ಎಂದು ಕೆಳಮನೆಯವರನ್ನು ಕೇಳಿದೆ. 'ಜಾಟರ ಹುಡುಗ, ಕೋವಿ ಕಂಡರೆ ಬಿಡುತ್ತಾನೆಯೇ' ಎಂದು ನಕ್ಕರು. ನನಗೆ ಬೇರೆ ಅನುಮಾನ. ಬಾಗಿಲ ಹೊರಗೆ ನಿಂತವನು ಒಳಗಿನವರ ಮನೆಗೆ ಬೆಂಕಿ ಬಿದ್ದಾಗ ಮೊದಲು ಕೊಡ ಹಿಡಿದು ಓಡುವುದುಂಟು. ಆಮೇಲಾದರೂ ಒಳಗೆ ಕೂರು ಎನ್ನುತ್ತಾರೆಂದು. ನಾನು ಆಫೀಸಿನಲ್ಲಿ ಬೇಡದ ಪಾಳಿಗಳನ್ನೆಲ್ಲ ಕೈಯೆತ್ತಿ ತೆಗೆದುಕೊಂಡಿದ್ದು ಬೇರೆ ಕಾರಣಕ್ಕಲ್ಲ. ಅವನದನ್ನೂ ನನ್ನದನ್ನೂ ಒಂದೇ ತಕ್ಕಡಿಯಲ್ಲಿಡುವುದು ತಪ್ಪು, ಬಲ್ಲೆ. ಆದರೂ ಊಹೆ ಬರುವುದು ಅಲ್ಲಿಂದಲೇ.

ಅದೇ ವಸಂತದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಪಟ್ಟಣದ ಹೊರಗೆ ಜರ್ಮನರು ಸಾವಿರಾರು ಸಿಲಿಂಡರುಗಳ ಬಾಯಿ ಬಿಚ್ಚಿದರು. ಹಸಿರುಹಳದಿ ಕ್ಲೋರಿನ್ ಹೊಗೆ ಗಾಳಿಯ ಜೊತೆ ನೆಲ ಸವರಿಕೊಂಡು ಬಂತು. ಫ್ರೆಂಚರ ಕಡೆಯ ಆಫ್ರಿಕಾದ ಸಿಪಾಯಿಗಳು, ಪಕ್ಕದಲ್ಲೇ ಕೆನಡಾದವರು. ಎದೆಗೂಡಿನೊಳಗೆ ನೀರು ತುಂಬಿ, ಒಣನೆಲದ ಮೇಲೆ ಮುಳುಗಿ ಸತ್ತರು. ಮೂತ್ರದಲ್ಲಿ ಅದ್ದಿದ ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿದವರು ಒಂದಿಷ್ಟು ಉಳಿದರು. ನಂಜು ಎಂದರೇನು ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಹಾಲಾಹಲ ಎದ್ದಾಗ ಲೋಕ ಉಳಿಯಲೆಂದು ನೀನು ಕುಡಿದೆ, ಪಾರ್ವತಿ ಕೊರಳು ಹಿಡಿದಳು, ಅಲ್ಲೇ ನಿಂತಿತು, ಕೊರಳು ಕಪ್ಪಾಯಿತು. ನಮ್ಮೂರಿಗೆ ನಿನ್ನಿಂದಾಗಿಯೇ ನಂಜನಗೂಡು ಎಂಬ ಹೆಸರು. ಆ ಏಪ್ರಿಲ್ ಸಂಜೆ ಎಲ್ಲಿದ್ದೆ ಎಂದು ಕೇಳಲು ಬಾಯಿ ಬರುತ್ತದೆ, ಕೇಳುವುದಿಲ್ಲ. ಆ ನಂಜನ್ನು ಕಡಲು ಕಡೆದು ಯಾರೂ ಎಬ್ಬಿಸಿದ್ದಲ್ಲ. ಓದಿದವರು ಕೂತು ಅಳೆದು ತುಂಬಿಸಿದ್ದು. ಅಂಥದನ್ನೂ ಕುಡಿ ಎಂದು ನಿನ್ನ ಮುಂದೆ ಹಿಡಿಯಲು ನನಗೆ ಮುಖವಿಲ್ಲ.

ಯುದ್ಧದ ಮಾತು ಬೇಗ ಮುಗಿಸುತ್ತೇನೆ. 1916ರ ಆರಂಭದಲ್ಲಿ ಅವನು ಫ್ಲಾಂಡರ್ಸಿನ ಕೆಸರಿಗೆ ಹೋದ, ಕೆನಡಾದ 20ನೆಯ ಬೆಟಾಲಿಯನ್ ಜೊತೆ. ಆ ಬೇಸಗೆಯಲ್ಲಿ ತಲೆಗೆ ಸಿಡಿಚೂರು ಬಡಿಯಿತು. ಗಾಯ ಮಾದು ಮತ್ತೆ ಕಂದಕಕ್ಕೆ ಹೋದ. ಮತ್ತೆ ಕಾಲಿಗೆ ಗುಂಡು. ಅವನಿಗೆ ಶುಶ್ರೂಷೆಯಾದ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ಜಾನ್ ಮೆಕ್‌ಕ್ರೇ ಇದ್ದರು. ಈ ಗಸಗಸೆ ಹೂವಿನ ಪದ್ಧತಿಗೆ ಮೂಲವಾದ ಪದ್ಯ ಬರೆದವರು, ನಮ್ಮ ಪಕ್ಕದ ಗ್ವೆಲ್ಫ್ ಊರಿನವರು. ಅವರೂ ಯುದ್ಧ ಮುಗಿಯುವ ಮೊದಲೇ, 1918ರ ಜನವರಿಯಲ್ಲಿ, ನ್ಯುಮೋನಿಯಾದಿಂದ ಹೋದರು. ಅವರ ಪದ್ಯ ಇಲ್ಲಿ ಮಕ್ಕಳಿಗೆ ಬಾಯಿಪಾಠ. ಅವರ ವಾರ್ಡಿನಲ್ಲಿ ಮಲಗಿದ್ದ ಪಂಜಾಬಿ ಹುಡುಗನ ಹೆಸರು ತೊಂಬತ್ತು ವರ್ಷ ಯಾರ ಬಾಯಲ್ಲೂ ಇರಲಿಲ್ಲ.

ಗುಂಡು ಅವನನ್ನು ಕೊಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ಗಾಯ ಮಾಯುವ ಹೊತ್ತಿಗೆ ಕೆಮ್ಮು ಹತ್ತಿತು. ಕ್ಷಯ.

ಹಕೀಮ, ನಿನ್ನ ಹತ್ತಿರ ನಾನು ತಂದಿರುವುದು ಈ ಭಾಗವನ್ನು.

ಕೆನಡಾಕ್ಕೆ ವಾಪಸು ತಂದು ಇಲ್ಲಿನ ಫ್ರೀಪೋರ್ಟ್ ಸ್ಯಾನಟೋರಿಯಂಗೆ ಸೇರಿಸಿದರು. ಅದು ಊರಾಚೆ, ಗ್ರ್ಯಾಂಡ್ ನದಿಯ ದಡ. ಈ ಊರಿನದೂ ಒಂದು ಕತೆ. ಜರ್ಮನ್ ಮಾತಿನವರು ಕಟ್ಟಿ ಬರ್ಲಿನ್ ಎಂದು ಹೆಸರಿಟ್ಟಿದ್ದ ಊರು. ಯುದ್ಧದ ಕಾವಿನಲ್ಲಿ ಆ ಹೆಸರು ಹೊರಲಾರದೆ 1916ರಲ್ಲಿ ಕಿಚನರ್ ಎಂದು ಬದಲಾಯಿಸಿಕೊಂಡಿತು. ಆ ಕಿಚನರ್ ಸಾಹೇಬ 1902ರಿಂದ 1909ರವರೆಗೆ ಇಂಡಿಯಾದ ಸೈನ್ಯದ ದಂಡನಾಯಕನಾಗಿದ್ದವನು. ಬುಕ್ಕಂ ಸಿಂಗ್ ಮದುವೆಯಾಗಿ ಊರು ಬಿಟ್ಟದ್ದೂ ಅದೇ ಕಾಲದಲ್ಲಿ. ಪಂಜಾಬಿನಿಂದ ಅಷ್ಟು ದೂರ ಬಂದು ಸಾಯಲು ಅವನಿಗೆ ಸಿಕ್ಕ ಊರಿನ ಹೆಸರು ಇದು. ನಾನಾಗಿ ಕಟ್ಟಿದ್ದರೆ ಅತಿಯಾಯಿತು ಎಂದು ಹೊಡೆದುಹಾಕುತ್ತಿದ್ದೆ.

ಕ್ಷಯಕ್ಕೆ ಆಗ ಮದ್ದಿಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಗಾಳಿ, ಬೆಳಕು, ಹಾಲು, ಮೊಟ್ಟೆ, ವಿಶ್ರಾಂತಿ, ಇವೇ ಚಿಕಿತ್ಸೆ. ಅರಮನೆಯನ್ನೂ ಆ ರೋಗ ಬಿಟ್ಟಿರಲಿಲ್ಲ. ನಮ್ಮ ಮೈಸೂರಿನ ಪಿಕೆಟಿಬಿ ಆಸ್ಪತ್ರೆಗೆ ಹೆಸರು ಕೊಟ್ಟ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅದರಲ್ಲೇ ಹೋದವರು. ಇಲ್ಲಿನ ಸ್ಯಾನಟೋರಿಯಂಗಳಲ್ಲಿ ಚಳಿಗಾಲದಲ್ಲೂ ರೋಗಿಗಳನ್ನು ತೆರೆದ ಜಗಲಿಯ ಮೇಲೆ ಸಾಲು ಮಂಚದಲ್ಲಿ ಮಲಗಿಸುತ್ತಿದ್ದರು, ಕತ್ತಿನವರೆಗೆ ಕಂಬಳಿ ಹೊದಿಸಿ. ಇಲ್ಲಿಯ ಜನವರಿಯ ಗಾಳಿ ನನಗೆ ಗೊತ್ತು. ಉಸಿರೆಳೆದರೆ ಮೂಗಿನೊಳಗಿನ ಕೂದಲು ಗಟ್ಟಿಯಾಗುತ್ತದೆ.

ಅವನ ಪಕ್ಕದ ಮಂಚದವನು ಅವನೊಡನೆ ಯಾವ ಮಾತು ಆಡಿರಬಹುದು? ಹದಿನಾಲ್ಕರಿಂದ ಇಂಗ್ಲಿಷಿನ ನಡುವೆ ಇದ್ದವನು, ಕೆಲಸಕ್ಕೆ ಬೇಕಾದ್ದು ಬರುತ್ತಿತ್ತು. ಆದರೆ ಜ್ವರ ಏರಿದಾಗ ನಾಲಗೆ ಹಿಂದಕ್ಕೆ ಹೋಗುತ್ತದೆ ಸ್ವಾಮಿ. ನನಗೆ ಇಲ್ಲಿ ಒಮ್ಮೆ ವಿಪರೀತ ಜ್ವರ ಬಂದಾಗ ಡಾಕ್ಟರು ಎಲ್ಲಿ ನೋಯುತ್ತಿದೆ ಎಂದು ಕೇಳಿದರೆ 'ಮೈಯೆಲ್ಲಾ ಮುರಿದ ಹಾಗಾಗ್ತಿದೆ' ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಪಕ್ಕದಲ್ಲಿ ಹೆಂಡತಿ ಇದ್ದಳು, ತಿಳಿಸಿ ಹೇಳಿದಳು. ಅವನಿಗೆ ಯಾರಿದ್ದರು? ನೀರು ಬೇಕೆಂದು ಮಾಹಿಲ್‌ಪುರದ ಮಾತಿನಲ್ಲಿ ಕೇಳಿದ್ದರೆ ನರ್ಸಮ್ಮ ಕಂಬಳಿ ಹೊದಿಸಿರಬಹುದು. ಒಳ್ಳೆಯವಳೇ ಇರುತ್ತಾಳೆ, ಮಾತು ತಿಳಿಯದು, ಅಷ್ಟೇ. ಕಡೆಯ ಮಾತು ಯಾರಿಗೂ ಅರ್ಥವಾಗದ ಹಾಗೆ ಸಾಯುವುದೊಂದಿದೆಯಲ್ಲ, ಅದು ಗುಂಡೇಟಿಗಿಂತ ಕಡಿಮೆಯದಲ್ಲ.

ನಮ್ಮಪ್ಪ ಹೋದಾಗ ನಾನು ಇಲ್ಲಿದ್ದೆ. ಟಿಕೆಟ್ಟು ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ನಿನ್ನ ಮುಂದೆ ಹೇಳುತ್ತೇನೆ, ಸಿಕ್ಕಿತ್ತು. ದುಬಾರಿಯಾಗಿತ್ತು, ಅಲ್ಲದೆ ಅಪ್ಪ ಇನ್ನೊಂದು ವಾರ ಇರುತ್ತಾರೆಂದು ನಂಬಿದೆ. ನಮ್ಮ ಪದ್ಧತಿಯಂತೆ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರೆ ತುಂಬಿ ಮಣ್ಣು ಮುಚ್ಚುವುದನ್ನು ಚಿಕ್ಕಪ್ಪನ ಮಗ ಹಿಡಿದ ಮೊಬೈಲಿನಲ್ಲಿ ನೋಡಿದೆ. ನಡುವೆ ಎರಡು ಸಲ ಚಿತ್ರ ನಿಂತಿತು. ಆದರೂ ಅಪ್ಪನ ಕಿವಿಗೆ ಕಡೆಯವರೆಗೂ ಕನ್ನಡ ಬಿತ್ತು. ಮಣ್ಣು ಹಾಕಿದವರು ಅವರ ಹೆಸರು ಸರಿಯಾಗಿ ಕೂಗಿದರು.

ಬುಕ್ಕಂ ಸಿಂಗನನ್ನೂ ಹೂಳಿದರು. ಆದರೆ ಅವರಲ್ಲಿ ಸುಡುವುದು ಪದ್ಧತಿ. ಬೂದಿ ಹರಿಯುವ ನೀರಿಗೆ ಸೇರಬೇಕು. ಬಹುಮಂದಿ ಸಟ್ಲೆಜ್ ದಡದ ಕೀರತ್‌ಪುರಕ್ಕೆ ಒಯ್ಯುತ್ತಾರೆ. ನನ್ನಪ್ಪನಿಗೆ ಕ್ರಿಯೆಯಾದದ್ದು ಅವನಿಗೆ ಕ್ರಿಯೆ ತಪ್ಪಿದ ಹಾಗೆ. ಹೂತವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಹತ್ತಿರ ಇರಲಿಲ್ಲ. ಸ್ಮಶಾನ ನಿನ್ನ ಮನೆ. ಸುಟ್ಟದ್ದಕ್ಕೂ ಹೂತದ್ದಕ್ಕೂ ನೀನೇ ಯಜಮಾನ. ಈ ಒಂದು ಲೋಪವನ್ನು ನೀನು ನೋಡಿಕೋ.

ಇನ್ನೊಂದು, ಇದು ಕೇಳಲು ಕಷ್ಟ. 1919ರಲ್ಲಿ ಕೆನಡಾ ತನ್ನಲ್ಲಿ ನೆಲೆಸಿದ್ದ ಇಂಡಿಯಾದವರ ಹೆಂಡತಿ ಮಕ್ಕಳು ಬರಬಹುದೆಂದು ಒಪ್ಪಿತು. ಯುದ್ಧದಲ್ಲಿ ಇಂಡಿಯಾ ಕೊಟ್ಟ ಆಳಿನ ಲೆಕ್ಕವನ್ನು ಮುಂದಿಟ್ಟು ಲಂಡನ್ನಿನ ಸಮ್ಮೇಳನಗಳಲ್ಲಿ ಕೇಳಿ ಕೇಳಿ ಬಂದ ಒಪ್ಪಿಗೆ. ಅಂದರೆ ಅವನ ತಲೆಯ ಚೂರು, ಕಾಲಿನ ಗುಂಡು ಎಲ್ಲ ಸೇರಿ ಆ ಬಾಗಿಲು ಒಂದಿಂಚು ತೆರೆಯಿತು. ಅದೇ 1919ರ ಏಪ್ರಿಲ್ 13ರಂದು, ಅವನ ಪಂಜಾಬಿನ ಅಮೃತಸರದಲ್ಲಿ, ಅದೇ ಚಕ್ರವರ್ತಿಯ ಹೆಸರಿನಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿತು. ಆಗಸ್ಟಿನಲ್ಲಿ ಇವನು ಹೋದ. ಇಪ್ಪತ್ತೈದು ವರ್ಷ. ಪ್ರೀತಂ ಕೌರ್ ಕೆನಡಾ ನೋಡಲಿಲ್ಲ. ಮದುವೆಯಾಗಿ ಹದಿನಾರು ವರ್ಷ. ಅದರಲ್ಲಿ ಗಂಡ ಅವಳಿದ್ದ ದೇಶದಲ್ಲಿದ್ದದ್ದು ನಾಲ್ಕು ವರ್ಷ, ಅದೂ ಇಬ್ಬರೂ ಮಕ್ಕಳಾಗಿದ್ದಾಗ.

ಯುದ್ಧಭೂಮಿಯಲ್ಲಿ ಸೇವೆ ಮಾಡಿದ ಸಿಪಾಯಿಗಳಿಗೆ, ಬದುಕಿದವರಿಗೂ ಸತ್ತವರಿಗೂ, ಬ್ರಿಟಿಷರು ಕಂಚಿನ ವಿಜಯ ಪದಕ ಕೊಟ್ಟರು. ಅದರ ಅಂಚಿನ ಮೇಲೆ, ನಾಣ್ಯಕ್ಕೆ ಗೀರು ಹಾಕುವ ಕಡೆ, ನಂಬರು, ದರ್ಜೆ, ಹೆಸರು ಕೆತ್ತಿರುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಮಾತ್ರ ಓದಬಹುದು. ಅವನು ಸತ್ತು ಸುಮಾರು ತೊಂಬತ್ತು ವರ್ಷದ ಮೇಲೆ ಸಂದೀಪ್ ಸಿಂಗ್ ಬ್ರಾರ್ ಎಂಬ ಇತಿಹಾಸಕಾರರ ಕೈಗೆ ಅಂಥ ಒಂದು ಪದಕ ಸಿಕ್ಕಿತು, ಇಂಗ್ಲೆಂಡಿನ ಗಿರವಿ ಅಂಗಡಿಯೊಂದರಲ್ಲಿ. ಅಂಚು ತಿರುಗಿಸಿದರೆ ಸಿಂಗ್ ಎಂಬ ಹೆಸರು, ಪಡೆ ಕೆನಡಾದ್ದು. ಅಲ್ಲಿಂದ ಹಿಡಿದು ಹುಡುಕುತ್ತ ಹುಡುಕುತ್ತ ಈ ಊರಿನ ಗೋರಿಗೆ ಬಂದರು. ಮೊದಲ ಮಹಾಯುದ್ಧದ ಸಿಖ್ ಸಿಪಾಯಿಯದೆಂದು ಕೆನಡಾದಲ್ಲಿ ಗುರುತಾಗಿರುವ ಗೋರಿ ಅದೊಂದೇ. ಆಮೇಲೆ ಪ್ರತಿ ನವೆಂಬರಿನಲ್ಲಿ ಅಲ್ಲಿ ಜನ ಸೇರುತ್ತಾರೆ.

ಹೋದ ವರ್ಷ ನಾನು ನೋಡಿದ್ದು ಅದನ್ನೇ. ಸಮವಸ್ತ್ರದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕಹಳೆ, ಮೌನ. ಕಡೆಗೆ ಅರ್ದಾಸ್. ಎಲ್ಲರ ಒಳಿತನ್ನೂ ಕೋರಿ ಮುಗಿಯುವ ಪ್ರಾರ್ಥನೆ ಅದು, ನಿಂತುಕೊಂಡೇ ಹೇಳುತ್ತಾರೆ. ಪಂಜಾಬಿ ನನಗೆ ಬಾರದು. ಆದರೂ ಅವನ ನೆಲದ ಮೇಲೆ ಅವನ ಮಾತು ಕೇಳಿದಾಗ, ತೊಂಬತ್ತು ವರ್ಷ ಒಳಗೆ ಬಿಗಿದುಕೊಂಡಿದ್ದ ಉಸಿರನ್ನು ಯಾರೋ ಬಿಟ್ಟ ಹಾಗಾಯಿತು. ಇದು ನನ್ನ ಭ್ರಮೆ ಇರಬಹುದು. ಗಾಳಿಯೂ ಇತ್ತು.

ನಾವು ನಮ್ಮ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಹೆಮ್ಮೆ ಪಡುತ್ತೇವೆ. 1918ರ ಸೆಪ್ಟೆಂಬರ್ 23ರಂದು ಕುದುರೆ ಏರಿ ಹೈಫಾ ಊರನ್ನು ಗೆದ್ದವರಲ್ಲಿ ಅವರೂ ಇದ್ದರು. ಪಡಬೇಕಾದ್ದೇ. ಈಟಿ, ಕುದುರೆ, ಬಂದೂಕಿನ ಬಾಯಿಗೆ ನುಗ್ಗಿದ ದಿನ, ಎಲ್ಲ ಹೇಳಲು ಚೆನ್ನಾಗಿದೆ. ಮಂಚದ ಮೇಲೆ ಕೆಮ್ಮುತ್ತ ಸತ್ತವನ ಬಗ್ಗೆ ಲಾವಣಿ ಕಟ್ಟಲು ಬರುವುದಿಲ್ಲ. ಅದಕ್ಕೇ ಅವನನ್ನು ನಿನ್ನ ಹತ್ತಿರ ತಂದೆ. ವೀರರಿಗೆ ಬೇರೆ ದೇವರಿದ್ದಾರೆ. ರೋಗಿಗಳಿಗೆ ನೀನಿದ್ದೀಯ.

ಏನು ಬೇಡಲಿ? ಸ್ವರ್ಗ ಬೇಡುವುದಿಲ್ಲ, ಅವನ ಅಕಾಲ ಪುರುಷನಿಗೆ ಬಿಟ್ಟದ್ದು. ಇಷ್ಟು ಕೇಳುತ್ತೇನೆ. ಅವನ ಎದೆಯಲ್ಲಿ ಆ ಕಡೆಯ ತಿಂಗಳುಗಳಲ್ಲಿ ಕಟ್ಟಿದ್ದ ಕಫವನ್ನು, ತಡವಾದರೂ, ನಿನ್ನ ಕೊರಳಿಗೆ ತೆಗೆದುಕೋ. ಅವನು ಜ್ವರದಲ್ಲಿ ಆಡಿದ ಮಾತು ಎಲ್ಲಾದರೂ ಗಾಳಿಯಲ್ಲಿ ಉಳಿದಿದ್ದರೆ ಜಮ್ಶೇರ್ ಎಂಬ ಊರಿಗೆ ಮುಟ್ಟಿಸು. ಪ್ರೀತಂ ಕೌರ್ ಎಂಬವಳು ಎಷ್ಟು ವರ್ಷ ಬಾಗಿಲು ನೋಡಿದಳೋ ಅಷ್ಟನ್ನೂ ಒಂದು ಸೇವೆ ಎಂದು ಬರೆದುಕೋ. ಉರುಳುಸೇವೆಯ ಪಕ್ಕದಲ್ಲೇ ಬರೆದುಕೋ. ನಮ್ಮಮ್ಮ ಬೇಡವೆನ್ನುವುದಿಲ್ಲ. ಹತ್ತಿರಕ್ಕೆ ಬರಬೇಕಾದವರು ಬಾರದಿರುವುದು ಏನೆಂದು ಈಗ ಅವಳಿಗೂ ಗೊತ್ತು.

ಇವತ್ತು ಬೆಳಗ್ಗೆ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ ಒಬ್ಬನೇ ಹೋಗಿದ್ದೆ. ಹೋದ ವಾರದ ಹೂಗುಚ್ಛಗಳು ಹಿಮದಲ್ಲಿ ಗಟ್ಟಿಯಾಗಿದ್ದವು. ಜೇಬಿನಲ್ಲಿ ನಂಜನಗೂಡಿನ ವಿಭೂತಿಯ ಪೊಟ್ಟಣವಿತ್ತು. ತೆಗೆದೆ, ಮತ್ತೆ ಮಡಿಸಿ ಇಟ್ಟುಕೊಂಡೆ. ಒಮ್ಮೆ ಅವನಿಗೆ ಬೇರೆಯವರ ಕ್ರಿಯೆ ಆಗಿದೆ, ಇನ್ನೊಮ್ಮೆ ಬೇಡ. ಕೋಟಿನ ಮೇಲಿದ್ದ ಗಸಗಸೆ ಹೂವು ತೆಗೆದು ಕಲ್ಲಿನ ಬುಡದಲ್ಲಿ ನೆಡಲು ನೋಡಿದೆ. ಮಣ್ಣು ಹೆಪ್ಪುಗಟ್ಟಿತ್ತು, ಸೂಜಿ ಬಾಗಿತು. ಕೈಯಿಂದ ಕಲ್ಲಿನ ಮೇಲಿನ ಹಿಮ ಒರೆಸಿದೆ. ಸರ್ದಾರ್ಜಿ ಹೇಳಿಕೊಟ್ಟ ಹಾಗೆ ಅವನ ಹೆಸರನ್ನು ಗಟ್ಟಿಯಾಗಿ, ಎರಡು ಸಲ ಹೇಳಿದೆ.

ಆಗ ಅಮ್ಮನ ಫೋನು ಬಂತು. ಅಲ್ಲಿ ರಾತ್ರಿ ಎಂಟು. ನಿನ್ನ ಗುಡಿಯಲ್ಲಿ ದೀಪ ಹಚ್ಚಿ ಆಗಷ್ಟೇ ಮನೆಗೆ ಬಂದಿದ್ದಳು.

'ಎಲ್ಲಿದ್ದೀಯೋ? ಗಾಳಿ ಸದ್ದು ಕೇಳ್ತದೆ.'

'ಒಬ್ಬರನ್ನ ನೋಡೋಕೆ ಬಂದಿದ್ದೆ ಕಣಮ್ಮ.'

'ಯಾರನ್ನ?'

'ಇಲ್ಲೇ, ಮನೆ ಹತ್ತಿರದವರು. ಪಂಜಾಬಿನ ಕಡೆಯವರು. ಇಲ್ಲಿಗೆ ಬಂದು ಬಹಳ ವರ್ಷ ಆಯ್ತು.'

'ಹೆಂಡ್ತಿ ಮಕ್ಕಳು?'

'ಹೆಂಡ್ತಿ ಊರಲ್ಲೇ.'

'ಅಯ್ಯೋ ಪಾಪ, ಒಬ್ಬರೇನಾ? ಈ ಚಳೀಲಿ ಏನು ಬೇಯಿಸ್ಕೊಂಡು ತಿಂತಾರೋ. ಒಂದಿನ ಮನೆಗೆ ಊಟಕ್ಕೆ ಕರಿಯೋ.'

ಹೂಂ ಅಂದೆ, ಸ್ವಾಮಿ.